ಬೆನ್ನಿಗೆ ತಕ್ಕ ಜೀನು

ಮನುಷ್ಯನು ಪಳಗಿಸಿದ ಪ್ರಾಣಿಗಳು ಅವನಿಗೆ ಒಂದೊಂದು ಬಗೆಯ ಉಪಕಾರವನ್ನು ಮಾಡಿವೆ. ಹಸುವು ಹಾಲನ್ನಿತ್ತಿತು, ಕುರಿಯು ಉಣ್ಣೆಯನ್ನಿತ್ತಿತು, ಎತ್ತು ತನ್ನ ಹೆಗಲನ್ನು ಕೊಟ್ಟಿತು, ಕುದುರೆಯು ತನ್ನ ಬೆನ್ನನ್ನೇ ಕೊಟ್ಟಿತು. ಆ ಬೆನ್ನಿನ ಮೇಲೆ ಕುಳಿತು ಮನುಷ್ಯನು ದೂರವನ್ನು ಗೆದ್ದನು, ಓಲೆಗಳನ್ನು ಸಾಗಿಸಿದನು, ರಾಜ್ಯಗಳನ್ನು ಕಟ್ಟಿದನು, ಕೆಡವಿದನು. ಆದರೆ ಕುದುರೆಯ ಬೆನ್ನು ಮನುಷ್ಯನು ಕುಳಿತುಕೊಳ್ಳಲೆಂದು ಸೃಷ್ಟಿಯಾದುದಲ್ಲ. ಅದು ಮುಂಗಾಲು ಹಿಂಗಾಲುಗಳ ನಡುವೆ ಸೇತುವೆಯಂತೆ ನಿಂತು, ಕೆಳಗೆ ತೂಗುವ ಹೊಟ್ಟೆಯ ಭಾರವನ್ನು ಹೊರುತ್ತದೆ. ಆ ಸೇತುವೆಯ ಮೇಲೆ ಮತ್ತೊಂದು ಭಾರವನ್ನು ಇರಿಸಬೇಕಾದರೆ ನಡುವೆ ಒಂದು ಸಾಧನ ಬೇಕು. ಆ ಸಾಧನವೇ ಜೀನು.

‘ಜೀನು’ ಎಂಬುದು ಪಾರಸಿ ಭಾಷೆಯಿಂದ ಕನ್ನಡಕ್ಕೆ ಬಂದ ಶಬ್ದ. ಇದಕ್ಕೂ ಮೊದಲು ಕನ್ನಡಿಗರು ಇದನ್ನು ‘ಹಲ್ಲಣ’ ಎಂದು ಕರೆಯುತ್ತಿದ್ದರು. ಕುದುರೆಯನ್ನು ಏರಲರಿಯದೆ ಹಲ್ಲಣವನ್ನು ತಾವೇ ಹೊತ್ತು ಬಳಲುವವರ ಚಿತ್ರವೊಂದು ಅಲ್ಲಮಪ್ರಭುವಿನ ವಚನದಲ್ಲಿದೆ. ಜೀನನ್ನು ಮಾಡುವವನಿಗೆ ‘ಜೀನಗಾರ’ ಎಂಬ ಹೆಸರಿತ್ತು. ಅದು ಇಂದಿಗೂ ಒಂದು ಸಮುದಾಯದ ಹೆಸರಾಗಿ ಉಳಿದಿದೆ.

ಜೀನಿನ ಇತಿಹಾಸವು ಬಹಳ ಹಳೆಯದು. ಪ್ರಾಚೀನ ಗ್ರೀಕರು ಬರಿಬೆನ್ನಿನ ಮೇಲೆ ಅಥವಾ ಒಂದು ವಸ್ತ್ರವನ್ನು ಹಾಸಿ ಅದರ ಮೇಲೆ ಕುಳಿತು ಸವಾರಿ ಮಾಡುತ್ತಿದ್ದರು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಶ್ವಾರೋಹಣವನ್ನು ಕುರಿತು ಗ್ರಂಥವನ್ನು ಬರೆದ ಗ್ರೀಕ್ ಲೇಖಕ ಕ್ಸೆನೊಫೋನನು, ಬೆನ್ನೆಲುಬಿನ ಇಕ್ಕೆಲಗಳಲ್ಲಿಯೂ ಮಾಂಸ ತುಂಬಿಕೊಂಡು ಎರಡಾಗಿ ಕಾಣುವ ಬೆನ್ನು ಕುಳಿತುಕೊಳ್ಳಲು ಮೃದುವಾದುದೆಂದು ತಿಳಿಸಿದ್ದಾನೆ. ಮಧ್ಯ ಏಷ್ಯದ ಅಲೆಮಾರಿ ಜನರು ಇದೇ ತತ್ತ್ವವನ್ನು ಬೇರೊಂದು ಬಗೆಯಲ್ಲಿ ಬಳಸಿಕೊಂಡರು. ಆಲ್ಟಾಯ್ ಪರ್ವತಪ್ರದೇಶದ ಪಾಜಿರಿಕ್ ಎಂಬಲ್ಲಿ, ಹಿಮಗಟ್ಟಿದ ಸಮಾಧಿಗಳಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಜೀನುಗಳು ಕೆಡದೆ ಉಳಿದಿದ್ದವು. ಒಂದೊಂದು ಜೀನಿನಲ್ಲಿಯೂ ಬೆನ್ನೆಲುಬಿನ ಎಡಕ್ಕೊಂದು, ಬಲಕ್ಕೊಂದು ಮೆತ್ತೆಗಳಿದ್ದವು. ಚೀನಾದ ತುರ್ಪಾನ್ ಬಳಿಯ ಯಾಂಗ್‌ಹೈ ಎಂಬಲ್ಲಿ ದೊರೆತ ಇಂತಹುದೇ ತೊಗಲಿನ ಜೀನೊಂದರ ವಿವರಗಳು 2023ರಲ್ಲಿ ಪ್ರಕಟವಾದವು. ನಡುವೆ ಇರುವ ಎಲುಬನ್ನು ಮುಟ್ಟದೆ, ಎರಡು ಪಕ್ಕದ ಮಾಂಸದ ಮೇಲೆ ಭಾರವನ್ನು ಹಂಚಬೇಕೆಂಬ ತಿಳಿವಳಿಕೆಯು ಅಷ್ಟು ಹಿಂದೆಯೇ ಮನುಷ್ಯನಿಗೆ ಬಂದಿತ್ತು. ಜೀನಿಗೆ ಸಂಬಂಧಿಸಿದ ಎಲ್ಲ ನಿಯಮಗಳಿಗೂ ಇದೇ ಮೂಲ.

ಈ ನಿಯಮವನ್ನು ಭೌತಶಾಸ್ತ್ರದ ಒಂದು ಸರಳ ಸೂತ್ರದಿಂದ ವಿವರಿಸಬಹುದು. ಒಂದು ವಸ್ತುವು ಉಂಟುಮಾಡುವ ಒತ್ತಡವು ಅದರ ಭಾರವನ್ನು ಮಾತ್ರವಲ್ಲದೆ, ಆ ಭಾರವು ಎಷ್ಟು ವಿಸ್ತಾರದ ಮೇಲೆ ಹರಡಿದೆಯೆಂಬುದನ್ನೂ ಅವಲಂಬಿಸಿದೆ. ನಾಲ್ವತ್ತು ಕಿಲೋಗ್ರಾಂ ತೂಕದ ಬಾಲಕನ ಭಾರವು ನೂರು ಚದರ ಸೆಂಟಿಮೀಟರಿನ ಮೇಲೆ ಬಿದ್ದಾಗ ಉಂಟಾಗುವ ಒತ್ತಡವು, ಅದೇ ಭಾರವು ಸಾವಿರ ಚದರ ಸೆಂಟಿಮೀಟರಿನ ಮೇಲೆ ಸಮನಾಗಿ ಹರಡಿದಾಗ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಜೀನು ಮಾಡುವ ಕೆಲಸ ಇದೇ. ಅದರೊಳಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಗಟ್ಟಿಯಾದ ಚೌಕಟ್ಟೊಂದಿರುತ್ತದೆ. ಚೌಕಟ್ಟಿನ ಕೆಳಗೆ ಉಣ್ಣೆಯನ್ನೋ ಅಂತಹ ಬೇರೊಂದು ಮೃದುವಾದ ವಸ್ತುವನ್ನೋ ತುಂಬಿದ ಎರಡು ಮೆತ್ತೆಗಳಿರುತ್ತವೆ. ಮೆತ್ತೆಗಳ ನಡುವೆ ಉದ್ದಕ್ಕೂ ಕಾಲುವೆಯಂತೆ ಒಂದು ಓಣಿಯನ್ನು ಬಿಟ್ಟಿರುತ್ತಾರೆ. ಬೆನ್ನೆಲುಬು ಆ ಓಣಿಯಲ್ಲಿ ಯಾವ ತಡೆಯೂ ಇಲ್ಲದೆ ಉಳಿಯಬೇಕು. ಹೊಟ್ಟೆಯನ್ನು ಬಳಸಿ ಬರುವ ಪಟ್ಟಿಯು ಜೀನನ್ನು ಬಿಗಿದು ನಿಲ್ಲಿಸುತ್ತದೆ. ಸವಾರನು ಕಾಲಿಡುವ ಬಳೆಗಳಿಗೆ ರಿಕಾಪುಗಳೆಂದು ಹೆಸರು.

ಜೀನು ಕೂರುವ ಸ್ಥಳದ ರಚನೆಯನ್ನು ಅರಿಯದೆ ಜೀನಿನ ಗುಣದೋಷಗಳನ್ನು ಅರಿಯಲಾಗದು. ಕುದುರೆಯ ಕತ್ತು ಮುಗಿದು ಬೆನ್ನು ಮೊದಲಾಗುವಲ್ಲಿ ಎತ್ತರವಾದ ಒಂದು ಉಬ್ಬು ಕಾಣುತ್ತದೆ. ಕುದುರೆಯ ಎತ್ತರವನ್ನು ನೆಲದಿಂದ ಈ ಉಬ್ಬಿನವರೆಗೆ ಅಳೆಯುವುದು ವಾಡಿಕೆ. ಉಬ್ಬಿನ ಇಕ್ಕೆಲಗಳಲ್ಲಿಯೂ ಅಗಲವಾದ ಹೆಗಲೆಲುಬುಗಳಿವೆ. ಮನುಷ್ಯನಿಗಿರುವಂತೆ ಕುದುರೆಗೆ ಕೊರಳೆಲುಬು ಇಲ್ಲ. ಅದರ ಹೆಗಲೆಲುಬು ಮಾಂಸಖಂಡಗಳಿಂದ ಮಾತ್ರ ಮೈಗೆ ಅಂಟಿಕೊಂಡಿರುತ್ತದೆ. ಆದುದರಿಂದ ಮುಂಗಾಲನ್ನು ಚಾಚಿದಾಗಲೆಲ್ಲ ಅದರ ಮೇಲ್ತುದಿಯು ಹಿಂದಕ್ಕೆ ಸರಿಯುತ್ತದೆ. ಜೀನು ಅದರ ಮೇಲೆ ಕುಳಿತರೆ ಪ್ರತಿ ಹೆಜ್ಜೆಗೂ ಎಲುಬು ಜೀನಿಗೆ ತಾಗುವುದು. ಇನ್ನು ಹಿಂಭಾಗದಲ್ಲಿ, ಕುದುರೆಗೆ ಹದಿನೆಂಟು ಜೊತೆ ಪಕ್ಕೆಲುಬುಗಳಿವೆ. ಕೊನೆಯ ಪಕ್ಕೆಲುಬಿನ ಹಿಂದಿನ ಸೊಂಟದ ಭಾಗಕ್ಕೆ ಪಕ್ಕೆಲುಬುಗಳ ಆಸರೆಯಿಲ್ಲ. ಹೀಗಾಗಿ ಹೆಗಲೆಲುಬಿನ ಹಿಂಬದಿಯಿಂದ ಕೊನೆಯ ಪಕ್ಕೆಲುಬಿನವರೆಗಿನ ಸ್ಥಳವಷ್ಟೇ ಜೀನಿಗೆ ಮೀಸಲು.

ದೊಡ್ಡ ಕುದುರೆಗಳಲ್ಲಿ ಈ ಸ್ಥಳವು ಧಾರಾಳವಾಗಿರುತ್ತದೆ. ತಟ್ಟುಗಳಲ್ಲಿ ಹಾಗಲ್ಲ. ಸಾಮಾನ್ಯವಾಗಿ 148 ಸೆಂಟಿಮೀಟರಿಗಿಂತ ಹೆಚ್ಚು ಎತ್ತರವಿಲ್ಲದ ಸಣ್ಣ ಜಾತಿಯ ಕುದುರೆಗೆ ತಟ್ಟು ಎಂದು ಹೆಸರು. ಬ್ರಿಟನ್ ದೇಶವು ಇಂತಹ ತಟ್ಟುಗಳಿಗೆ ಪ್ರಸಿದ್ಧವಾದುದು. ಎಕ್ಸ್‌ಮೂರ್ ಮತ್ತು ಡಾರ್ಟ್‌ಮೂರ್ ಎಂಬ ಬಯಲುಗಾಡುಗಳ ತಟ್ಟುಗಳು, ವೇಲ್ಸಿನ ಬೆಟ್ಟದ ತಟ್ಟುಗಳು, ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಪುಟ್ಟ ತಟ್ಟುಗಳು ಅಲ್ಲಿನ ಚಳಿಗಾಳಿಯಲ್ಲಿ ಬೆಳೆದು ಗಟ್ಟಿಮುಟ್ಟಾದವು. ಶೆಟ್ಲೆಂಡ್ ತಟ್ಟುವಿನ ಎತ್ತರವು 107 ಸೆಂಟಿಮೀಟರನ್ನು ಮೀರುವುದಿಲ್ಲ. ಆ ದೇಶದ ಹಳ್ಳಿಗಾಡಿನಲ್ಲಿ ಮಕ್ಕಳು ಸವಾರಿಯನ್ನು ತಟ್ಟುವಿನ ಮೇಲೆ ಕಲಿಯುವುದು ಬಹು ಕಾಲದ ರೂಢಿ. ಅಲ್ಲಿನ ವಾಲ್‌ಸಾಲ್ ಎಂಬ ಊರು ಜೀನು ತಯಾರಿಕೆಗೆ ಹೆಸರಾಗಿದೆ. ಭಾರತದಲ್ಲಿ ಕಾನ್ಪುರವು ಇದೇ ಕಸಬಿಗೆ ಪ್ರಸಿದ್ಧಿ ಪಡೆದಿದ್ದು, ಅಲ್ಲಿನ ಜೀನುಗಳು ಹೊರದೇಶಗಳಿಗೂ ರಫ್ತಾಗುತ್ತವೆ.

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಒಬ್ಬ ತಂದೆಯು ಹತ್ತು ವರ್ಷದ ಮಗಳಿಗಾಗಿ ತಟ್ಟುವೊಂದನ್ನು ಕೊಂಡನೆಂದು ಭಾವಿಸಬಹುದು. ತಟ್ಟು ಮನೆಗೆ ಬಂದಿತು, ಜೀನು ಬಂದಿಲ್ಲ. ಮಗಳಿಗೆ ಅದನ್ನು ಆ ದಿನವೇ ಏರಬೇಕೆಂಬ ಆತುರ. ನೆರೆಮನೆಯವರ ಕೊಟ್ಟಿಗೆಯಲ್ಲಿ ಹಳೆಯ ಜೀನೊಂದಿದೆ. ನೋಡಲು ಸುಂದರವಾಗಿಯೂ ಇದೆ. ಅದನ್ನೇ ಬಿಗಿದರಾಗದೇ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಆಗದು ಎಂಬುದೇ ಅದಕ್ಕೆ ಉತ್ತರ. ಎರಡು ಕುದುರೆಗಳ ಬೆನ್ನು ಒಂದೇ ಬಗೆಯಾಗಿರುವುದಿಲ್ಲ. ಅದರಲ್ಲಿಯೂ ತಟ್ಟುವಿನ ಬೆನ್ನು ಅಗಲವಾಗಿ, ಗಿಡ್ಡವಾಗಿ, ಪೀಪಾಯಿಯಂತೆ ದುಂಡಗಿರುತ್ತದೆ. ಹೆಗಲಿನ ಉಬ್ಬು ತಗ್ಗಾಗಿರುವುದರಿಂದ ಜೀನಿಗೆ ಹಿಡಿತ ಸಿಗದೆ, ಅದು ಮುಂದಕ್ಕೆ ಜಾರುವುದು ಅಥವಾ ಒಂದು ಪಕ್ಕಕ್ಕೆ ಉರುಳುವುದು. ದೊಡ್ಡ ಕುದುರೆಗೆ ಹೇಳಿ ಮಾಡಿಸಿದ ಜೀನು ತಟ್ಟುವಿನ ಸೊಂಟದ ಮೇಲೆಯೇ ಕುಳಿತುಬಿಡುವುದೂ ಉಂಟು. ಆದುದರಿಂದ ಜಾಣನಾದವನು ಮೊದಲು ತಟ್ಟುವಿನ ಬೆನ್ನನ್ನು ಅಳೆಯುತ್ತಾನೆ. ಆಮೇಲೆ ಜೀನನ್ನು ಹುಡುಕುತ್ತಾನೆ.

ಅಳತೆಯ ಕ್ರಮ ಹೀಗಿದೆ. ತಟ್ಟುವನ್ನು ಸಮತಟ್ಟಾದ ನೆಲದ ಮೇಲೆ, ನಾಲ್ಕು ಕಾಲುಗಳ ಮೇಲೂ ಭಾರವು ಸಮನಾಗಿ ಬೀಳುವಂತೆ ನಿಲ್ಲಿಸಬೇಕು. ಕತ್ತು ಹೆಚ್ಚು ಮೇಲಕ್ಕೂ ಹೆಚ್ಚು ಕೆಳಕ್ಕೂ ಇರಬಾರದು. ಹೆಗಲೆಲುಬಿನ ಹಿಂದೆ ಬಾಗುವ ಅಳತೆಪಟ್ಟಿಯೊಂದನ್ನು ಬೆನ್ನಿನ ಮೇಲೆ ಅಡ್ಡಲಾಗಿ ಒತ್ತಿ, ಅದು ಬೆನ್ನಿನ ಆಕಾರವನ್ನು ತಳೆದ ಬಳಿಕ ಮೆಲ್ಲಗೆ ತೆಗೆದು, ಕಾಗದದ ಮೇಲೆ ಇರಿಸಿ ಗೆರೆಯನ್ನು ಎಳೆಯಬೇಕು. ಜೀನು ಕೂರುವ ಸ್ಥಳದ ನಡುವಿನಲ್ಲಿಯೂ ಹಿಂಭಾಗದಲ್ಲಿಯೂ ಹೀಗೆಯೇ ಮಾಡಬೇಕು. ಕೊನೆಯಲ್ಲಿ ಬೆನ್ನಿನ ಉದ್ದಕ್ಕೂ ಪಟ್ಟಿಯನ್ನು ಇರಿಸಿ, ಅದರ ತಗ್ಗುದಿಣ್ಣೆಗಳ ಗೆರೆಯನ್ನು ಪಡೆಯಬೇಕು. ಕಾಗದದ ಮೇಲೆ ದಿನಾಂಕವನ್ನು ಬರೆದಿಡುವುದು ಅಗತ್ಯ. ಈ ಗೆರೆಗಳನ್ನು ನೋಡಿ ಅನುಭವಿಯಾದ ಜೀನಗಾರನು ಎಷ್ಟು ಅಗಲದ ಚೌಕಟ್ಟು ಬೇಕು, ಮೆತ್ತೆಗಳು ಯಾವ ಆಕಾರದಲ್ಲಿರಬೇಕು ಎಂಬುದನ್ನು ನಿರ್ಣಯಿಸುತ್ತಾನೆ.

ಒಬ್ಬರು ಬಳಸಿದ ಜೀನನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ತೊಗಲು ಬಳಕೆಯಿಂದ ಮೆತ್ತಗಾಗುತ್ತದೆ. ಆದರೆ ಒಳಗಿನ ಚೌಕಟ್ಟು ಮುರಿದಿರಬಾರದು. ಜೀನಿನ ಮುಂದಿನ ಕಮಾನಿನ ಎರಡು ಬದಿಗಳನ್ನು ಹಿಡಿದು ಒತ್ತಿದಾಗ ಅದು ಅಲುಗಿದರೆ ಅಥವಾ ಕಿರುಗುಟ್ಟಿದರೆ ಒಳಗೆ ಬಿರುಕಿದೆಯೆಂದು ಶಂಕಿಸಬೇಕು. ತಿರುವಿಹಾಕಿ ನೋಡಿದಾಗ ಎರಡು ಮೆತ್ತೆಗಳು ಸಮವಾಗಿವೆಯೇ, ನಡುವಣ ಓಣಿಯು ಮೂರು ನಾಲ್ಕು ಬೆರಳುಗಳಷ್ಟು ಅಗಲವಾಗಿ ಕೊನೆಯವರೆಗೂ ಸಾಗಿದೆಯೇ, ಪಟ್ಟಿಗಳ ಹೊಲಿಗೆ ಗಟ್ಟಿಯಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಮುರಿದ ಚೌಕಟ್ಟಿನ ಜೀನು ಎಷ್ಟು ಅಗ್ಗವಾಗಿ ದೊರೆತರೂ ದುಬಾರಿಯೇ ಸರಿ.

ಜೀನನ್ನು ಬೆನ್ನಿನ ಮೇಲಿರಿಸಿ ನೋಡುವುದು ಮುಂದಿನ ಹಂತ. ಮೊದಲಿಗೆ ಕೆಳಗೆ ಯಾವ ಬಟ್ಟೆಯನ್ನೂ ಹಾಸಬಾರದು. ಹಾಸಿದರೆ ದೋಷವು ಮರೆಯಾಗುತ್ತದೆ. ಜೀನನ್ನು ಸ್ವಲ್ಪ ಮುಂದಾಗಿ ಇರಿಸಿ, ಮೆಲ್ಲಗೆ ಹಿಂದಕ್ಕೆ ಜಾರಿಸಬೇಕು. ಕೂದಲು ಹೀಗೆ ನಯವಾಗಿ ಮಲಗುತ್ತದೆ. ಜೀನೂ ತನ್ನ ಸ್ಥಳವನ್ನು ತಾನೇ ಕಂಡುಕೊಳ್ಳುತ್ತದೆ. ಆಗ ಪಕ್ಕದಲ್ಲಿ ನಿಂತು ನೋಡಬೇಕು. ಚೌಕಟ್ಟು ಕಿರಿದಾಗಿದ್ದರೆ ಜೀನಿನ ಮುಂಭಾಗವು ಮೇಲೆದ್ದು, ಹೆಗಲಿನ ಪಕ್ಕದ ಮಾಂಸವನ್ನು ಇಕ್ಕಳದಂತೆ ಹಿಡಿಯುತ್ತದೆ. ಅಗಲ ಹೆಚ್ಚಾಗಿದ್ದರೆ ಮುಂಭಾಗವು ಕುಸಿದು ಉಬ್ಬಿನ ಎಲುಬಿಗೆ ತಾಗುತ್ತದೆ. ಸರಿಯಾದ ಜೀನಿನಲ್ಲಿ ಕುಳಿತುಕೊಳ್ಳುವ ಸ್ಥಳದ ಅತಿ ತಗ್ಗಾದ ಭಾಗವು ನಡುವಿನಲ್ಲಿಯೇ ಇರುತ್ತದೆ. ಬಳಿಕ ಮೆತ್ತೆಯ ಕೆಳಗೆ ಅಂಗೈಯನ್ನು ಮುಂದಿನಿಂದ ಹಿಂದಕ್ಕೆ ಸರಿಸಿ ನೋಡಬೇಕು. ಎಲ್ಲ ಕಡೆಗಳಲ್ಲಿಯೂ ಒತ್ತಡವು ಸಮನಾಗಿರುವುದು ಒಳ್ಳೆಯ ಲಕ್ಷಣ. ಮುಂದೆ ಮತ್ತು ಹಿಂದೆ ಮಾತ್ರ ತಾಗಿ ನಡುವೆ ಸಂದು ಉಳಿದಿದ್ದರೆ, ಸವಾರನ ಭಾರವೆಲ್ಲವೂ ನಾಲ್ಕು ಮೂಲೆಗಳ ಮೇಲೆ ಬೀಳುವುದು. ನಡುವೆ ಮಾತ್ರ ತಾಗಿದರೆ ಜೀನು ತೊಟ್ಟಿಲಿನಂತೆ ಹಿಂದುಮುಂದಕ್ಕೆ ತೂಗಾಡುವುದು.

ಇಷ್ಟರಿಂದಲೇ ಪರೀಕ್ಷೆಯು ಮುಗಿಯುವುದಿಲ್ಲ. ಬರಿದಾದ ಜೀನು ಒಂದು ಬಗೆಯಾದರೆ, ಸವಾರನನ್ನು ಹೊತ್ತ ಜೀನು ಇನ್ನೊಂದು ಬಗೆ. ಪಟ್ಟಿಯನ್ನು ಒಮ್ಮೆಗೇ ಬಿಗಿಯದೆ ಸ್ವಲ್ಪ ಸ್ವಲ್ಪವಾಗಿ ಬಿಗಿದು, ಮಗುವನ್ನು ಕೂರಿಸಿ, ಜೀನಿನ ಮುಂದಿನ ಕಮಾನಿಗೂ ಹೆಗಲಿನ ಉಬ್ಬಿಗೂ ನಡುವೆ ಎರಡು ಮೂರು ಬೆರಳುಗಳಷ್ಟು ಸ್ಥಳ ಉಳಿದಿದೆಯೇ ಎಂದು ನೋಡಬೇಕು. ಅನಂತರ ನಡಿಗೆಯಲ್ಲಿಯೂ ಓಟದಲ್ಲಿಯೂ ಜೀನು ಜಾರುವುದೇ, ಅಲುಗುವುದೇ ಎಂಬುದನ್ನು ಗಮನಿಸಬೇಕು. ದುಂಡುಮೈಯ ತಟ್ಟುಗಳಲ್ಲಿ ಜೀನು ಮುಂದಕ್ಕೆ ಸರಿಯದಂತೆ ಅದರ ಹಿಂಭಾಗದಿಂದ ಬಾಲದ ಬುಡಕ್ಕೆ ಒಂದು ಪಟ್ಟಿಯನ್ನು ಕಟ್ಟುವ ಪದ್ಧತಿಯೂ ಇದೆ. ಮಗುವಿಗೆ ಜೀನು ಚಿಕ್ಕದಾಯಿತೆಂದು ಉದ್ದವಾದ ಜೀನನ್ನು ತಂದು ತಟ್ಟುವಿನ ಸೊಂಟದ ಮೇಲೆ ಹೇರುವುದು ಸಲ್ಲದು. ಮಗುವು ತಟ್ಟುವಿಗಿಂತ ದೊಡ್ಡದಾಗಿ ಬೆಳೆದಿದೆಯೆಂಬುದೇ ಅದರ ಅರ್ಥ.

ಮನುಷ್ಯನು ತನಗಾದ ನೋವನ್ನು ಬಾಯಿಬಿಟ್ಟು ಹೇಳಬಲ್ಲನು. ತಟ್ಟು ಮೈಯಿಂದ ಹೇಳುತ್ತದೆ. ಜೀನನ್ನು ತರುತ್ತಿರುವಂತೆಯೇ ಅದು ಕಿವಿಗಳನ್ನು ಹಿಂದಕ್ಕೆ ಮಲಗಿಸುವುದು. ಪಟ್ಟಿಯನ್ನು ಬಿಗಿಯುವಾಗ ತಿರುಗಿ ಕಚ್ಚಲು ಬರುವುದು. ಬೆನ್ನನ್ನು ಕೆಳಕ್ಕೆ ಕುಗ್ಗಿಸುವುದು. ಮುಂದೆ ಹೆಜ್ಜೆಯಿಡಲು ಹಿಂಜರಿಯುವುದು. ಕೆಲವೊಮ್ಮೆ ಕುಪ್ಪಳಿಸಿ ಸವಾರನನ್ನು ಕೆಡವುವುದು. ಇದನ್ನು ಹಠವೆಂದೂ ಸೊಕ್ಕೆಂದೂ ತಿಳಿದು ಚಾವಟಿಯನ್ನೆತ್ತುವವರಿದ್ದಾರೆ. ತಪ್ಪು ಜೀನಿನದು, ಶಿಕ್ಷೆ ತಟ್ಟುವಿಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ಗಾದೆಯು ಇಂತಹವರಿಗೆ ಒಪ್ಪುತ್ತದೆ. ಒಂದೇ ಕಡೆ ಬಹಳ ಹೊತ್ತು ಒತ್ತಡ ಬಿದ್ದಾಗ ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತವು ದೊರೆಯದ ಮಾಂಸವು ಕೆಡುತ್ತದೆ. ಮೊದಲು ಬಾವು, ಬಳಿಕ ಹುಣ್ಣು. ಹುಣ್ಣು ಮಾಯ್ದರೂ ಅಲ್ಲಿ ಬಣ್ಣವಿಲ್ಲದ ಬಿಳಿಯ ಕೂದಲು ಹುಟ್ಟುವುದುಂಟು. ಕಂದು ಬಣ್ಣದ ತಟ್ಟುವಿನ ಬೆನ್ನಿನ ಮೇಲೆ ಜೀನು ಕೂರುವ ಎಡೆಯಲ್ಲಿ ಬಿಳಿಯ ಮಚ್ಚೆಗಳು ಕಂಡರೆ, ಹಿಂದಿನ ಒಡೆಯನ ಅಲಕ್ಷ್ಯವು ಅಲ್ಲಿ ಬರೆದಿಟ್ಟಂತೆ ಇರುತ್ತದೆ. ಹೊಸದಾಗಿ ತಟ್ಟುವನ್ನು ಕೊಳ್ಳುವವನು ಈ ಬರಹವನ್ನು ಓದಲು ಕಲಿತಿರಬೇಕು.

ಜೀನು ಸರಿಹೋಗದಿದ್ದಾಗ ಅದರ ಕೆಳಗೆ ದಪ್ಪನಾದ ಹಾಸನ್ನು ತುರುಕುವುದು ಹಲವರ ರೂಢಿ. ಅಗಲ ತುಸು ಹೆಚ್ಚಾದ ಜೀನಿಗೆ ಇದರಿಂದ ಸ್ವಲ್ಪ ಕಾಲ ಅನುಕೂಲವಾಗಬಹುದು. ಕಿರಿದಾದ ಜೀನಿಗಾದರೋ ಇದರಿಂದ ಕೆಡುಕೇ ಹೆಚ್ಚು. ಬಿಗಿಯಾದ ಬಳೆಯೊಳಗೆ ಬಟ್ಟೆಯನ್ನು ಸುತ್ತಿದರೆ ಕೈಗೆ ಸುಖವಾಗುವುದೇ? ಅಲ್ಲದೆ, ಒಮ್ಮೆ ಸರಿಹೋದ ಜೀನು ಎಂದೆಂದಿಗೂ ಸರಿಯಾಗಿರುವುದೆಂದು ನಂಬುವಂತಿಲ್ಲ. ಬ್ರಿಟನ್ನಿನ ತಟ್ಟುಗಳು ವಸಂತದ ಹಸುರು ಹುಲ್ಲನ್ನು ಮೇದು ಕೊಬ್ಬುತ್ತವೆ, ಚಳಿಗಾಲದಲ್ಲಿ ಸೊರಗುತ್ತವೆ. ಎಳೆಯ ತಟ್ಟುವಿನ ಮೈ ಇನ್ನೂ ಬೆಳೆಯುತ್ತಿರುತ್ತದೆ. ಜೀನಿನ ಮೆತ್ತೆಯೊಳಗಿನ ಉಣ್ಣೆಯೂ ಬಳಕೆಯಿಂದ ಅಡಗಿ ಗಟ್ಟಿಯಾಗುತ್ತದೆ. ಆದುದರಿಂದ ಕೆಲವು ತಿಂಗಳುಗಳಿಗೊಮ್ಮೆ ಮತ್ತೆ ಅಳೆದು, ದಿನಾಂಕ ಬರೆದಿಟ್ಟ ಹಳೆಯ ಗೆರೆಗಳೊಡನೆ ಹೋಲಿಸಿ, ಮೆತ್ತೆಯನ್ನು ಸರಿಪಡಿಸಬೇಕಾಗುತ್ತದೆ.

ಈ ವಿಚಾರವು ದೂರದ ಬ್ರಿಟನ್ನಿನ ಮಕ್ಕಳಿಗೆ ಮಾತ್ರ ಸಂಬಂಧಿಸಿದುದಲ್ಲ. ಭಾರತದಲ್ಲಿ ಗೌರೀಕುಂಡದಿಂದ ಕೇದಾರನಾಥಕ್ಕೆ ಏರುವ ಯಾತ್ರಿಕರನ್ನು ತಟ್ಟುಗಳೂ ಹೇಸರಗತ್ತೆಗಳೂ ಹೊರುತ್ತವೆ. ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮದಲ್ಲಿ ಪ್ರವಾಸಿಗರು ಕುದುರೆಗಳನ್ನೇರಿ ಸಾಗುತ್ತಾರೆ. ಅಲ್ಲಿ ಒಂದೊಂದು ಪ್ರಾಣಿಯ ಬೆನ್ನಿನ ಮೇಲೆ ಒಂದೊಂದು ಸಂಸಾರದ ಅನ್ನವಿದೆ. ಬೆನ್ನು ಹುಣ್ಣಾದರೆ ಪ್ರಾಣಿಗೆ ನೋವು, ಒಡೆಯನಿಗೆ ಕೂಲಿಯ ನಷ್ಟ. ಭಾರತದ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ, ಗಾಯ ಅಥವಾ ಹುಣ್ಣಿನಿಂದಾಗಿ ದುಡಿಯಲಾರದ ಪ್ರಾಣಿಯನ್ನು ದುಡಿಸುವುದು ಅಪರಾಧ. 1965ರ ನಿಯಮಗಳು ತಟ್ಟುವಿನ ಮೇಲೆ ಹೇರಬಹುದಾದ ಹೊರೆಗೆ 70 ಕಿಲೋಗ್ರಾಮುಗಳ ಮಿತಿಯನ್ನು ಹಾಕಿವೆ. ಆದರೆ ಹೊರೆ ಮಿತಿಯೊಳಗಿದ್ದರೂ, ಜೀನು ತಕ್ಕುದಲ್ಲದಿದ್ದರೆ ಬೆನ್ನು ಹುಣ್ಣಾಗುವುದು ತಪ್ಪದು. ಕರ್ನಾಟಕದ ರೈತನಿಗೆ ಇದು ಹೊಸ ಮಾತಲ್ಲ. ನೊಗವು ಸರಿಯಾಗಿ ಕೂರದಿದ್ದರೆ ಎತ್ತಿನ ಹೆಗಲು ಬಾತುಕೊಳ್ಳುವುದನ್ನು ಅವನು ಬಲ್ಲನು. ಉಳುವುದಕ್ಕೆ ಮೊದಲು ಹೆಗಲನ್ನು ಸವರಿ ನೋಡುವವನೇ ಒಳ್ಳೆಯ ಬೇಸಾಯಗಾರ.

ಜೀನಿನ ಮೇಲ್ಭಾಗವನ್ನು ಎಲ್ಲರೂ ನೋಡುತ್ತಾರೆ. ಅದರ ತೊಗಲಿನ ಹೊಳಪು, ಹೊಲಿಗೆಯ ಅಂದ, ಮೆರವಣಿಗೆಯಲ್ಲಿ ಅದಕ್ಕೆ ತೊಡಿಸುವ ಬಣ್ಣದ ಬಟ್ಟೆ ಇವೆಲ್ಲ ಸವಾರನ ಸೊಗಸಿಗೆ ಸೇರಿದುವು. ಕೆಳಭಾಗವನ್ನು ಬಲ್ಲುದು ತಟ್ಟು ಮಾತ್ರ. ಹೊಸ ತಟ್ಟುವನ್ನು ಕೊಂಡ ತಂದೆಯು ಆ ಕೆಳಭಾಗವನ್ನು ನೋಡಲು ಮಗಳಿಗೆ ಮೊದಲ ದಿನವೇ ಕಲಿಸಿದರೆ, ಸವಾರಿಯ ಮೊದಲ ಪಾಠವು ಏರುವುದಕ್ಕೆ ಮುಂಚೆಯೇ ಆದಂತಾಯಿತು. ಸವಾರಿಯು ಕೆಲವು ದಿನ ತಡವಾದರೆ ಮಗಳಿಗಾಗುವ ನಷ್ಟ ಅಲ್ಪ. ತಕ್ಕುದಲ್ಲದ ಜೀನನ್ನು ಹೊತ್ತರೆ ತಟ್ಟುವಿಗಾಗುವ ನೋವು ಬಹು ಕಾಲದ್ದು. ಭಾರವನ್ನು ಹೊರಿಸುವವನಿಗೆ ಹೊರುವವರ ಬೆನ್ನಿನ ಅಳತೆ ತಿಳಿದಿರಬೇಕು.

ಪದಗಳ ಅರ್ಥ

ಹಲ್ಲಣ – ಜೀನು. ತಟ್ಟು – ಸಣ್ಣ ಜಾತಿಯ ಕುದುರೆ. ಅಶ್ವಾರೋಹಣ – ಕುದುರೆ ಸವಾರಿ. ಇಕ್ಕೆಲ – ಎರಡು ಪಕ್ಕ. ಮೆತ್ತೆ – ಮೃದುವಾದ ದಿಂಬು. ಪೀಪಾಯಿ – ದುಂಡಾದ ಮರದ ಪಾತ್ರೆ. ಇಕ್ಕಳ – ಹಿಡಿಯುವ ಸಾಧನ. ಅಲಕ್ಷ್ಯ – ಕಡೆಗಣಿಸುವಿಕೆ. ಹೇಸರಗತ್ತೆ – ಕತ್ತೆ ಮತ್ತು ಕುದುರೆಗಳಿಂದ ಹುಟ್ಟಿದ ಪ್ರಾಣಿ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕುದುರೆಯ ಎತ್ತರವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆಯುತ್ತಾರೆ?
2. ಪಾಜಿರಿಕ್ ಸಮಾಧಿಗಳಲ್ಲಿ ದೊರೆತ ಜೀನುಗಳ ರಚನೆ ಹೇಗಿತ್ತು?
3. ಜೀನನ್ನು ಮೊದಲು ಪರೀಕ್ಷಿಸುವಾಗ ಕೆಳಗೆ ಬಟ್ಟೆಯನ್ನು ಏಕೆ ಹಾಸಬಾರದು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜೀನು ಹೆಗಲೆಲುಬಿನ ಮೇಲೆ ಏಕೆ ಕೂರಬಾರದು?
2. ತಟ್ಟು ತನ್ನ ನೋವನ್ನು ಯಾವ ಯಾವ ರೀತಿಯಲ್ಲಿ ತೋರಿಸುತ್ತದೆ?
3. ಒಮ್ಮೆ ಸರಿಹೋದ ಜೀನನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾದ ಕಾರಣಗಳೇನು?

ಇ. ಸಂದರ್ಭದೊಡನೆ ವಿವರಿಸಿರಿ.
1. “ತಪ್ಪು ಜೀನಿನದು, ಶಿಕ್ಷೆ ತಟ್ಟುವಿಗೆ!”
2. “ಕೆಳಭಾಗವನ್ನು ಬಲ್ಲುದು ತಟ್ಟು ಮಾತ್ರ.”

ಈ. ನಿಮ್ಮ ಊರಿನಲ್ಲಿ ದುಡಿಯುವ ಪ್ರಾಣಿಯೊಂದರ ನೊಗ, ಹಗ್ಗ ಅಥವಾ ಜೀನನ್ನು ಗಮನಿಸಿ, ಅದು ಪ್ರಾಣಿಯ ಮೈಗೆ ಹೊಂದುವುದೇ ಎಂಬುದನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.